ಹನ್ನೊಂದನೇ ಕಾಲಂ

"ಈ ಎರಡು ಹಾಳೆಗೆ ನಾನು ಸೈನ್ ಹಾಕಲ್ಲ ಮಗಾ," ಎಂದರು ಗುರುವಯ್ಯ. ಉಳಿದ ನೂರಾ ಹದಿನೆಂಟು ಹಾಳೆಗಳನ್ನು ಅಂಚು ಕೂಡಿಸಿ ಧನ್ಯಾಳ ಮುಂದಿಟ್ಟು, ಆ ಎರಡನ್ನು ಮಾತ್ರ ತಮ್ಮ ತೊಡೆಯ ಮೇಲೆ ಉಳಿಸಿಕೊಂಡು, ಗಾಳಿಗೆ ಹಾರಿಯಾವೆಂಬಂತೆ ಮೇಲೆ ಕನ್ನಡಕ ಬಿಚ್ಚಿಟ್ಟರು. ಆ ಕೋಣೆಯಲ್ಲಿ ಹಾರಿಸುವಂಥ ಗಾಳಿಯೇ ಇರಲಿಲ್ಲ. ಏಸಿಯ ಗುಂಯ್ ಸದ್ದು ಮಾತ್ರ ಇತ್ತು.

ತಾಲ್ಲೂಕು ಕಚೇರಿಯ ಹಿಂಬದಿಯ ಆ ಕೋಣೆಯಲ್ಲಿ ಮೊದಲು ಚುನಾವಣೆಯ ಪೆಟ್ಟಿಗೆಗಳನ್ನು ತುಂಬಿಡುತ್ತಿದ್ದರಂತೆ. ಈಗ ಆರು ಕಂಪ್ಯೂಟರುಗಳು ಬಂದು ಕೂತಿದ್ದವು. ಒಳಗೆ ಬರುವವರು ತಹಶೀಲ್ದಾರರೇ ಆಗಲಿ, ಚಪ್ಪಲಿ ಹೊರಗೇ ಬಿಡಬೇಕು. ಕೆಲಸಕ್ಕೆಂದು ಬಂದ ಹಳ್ಳಿಯ ಜನ ಕಿಟಕಿಯ ಗಾಜಿಗೆ ಹಣೆ ಒತ್ತಿ ನೋಡಿ, ಗರ್ಭಗುಡಿ ನೋಡಿದವರ ಹಾಗೆ ಮಾತಿಲ್ಲದೆ ಹೋಗುತ್ತಿದ್ದರು. ಕೈಬರಹದ ಪಹಣಿ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಯಾವ ಜಮೀನು ಯಾರದ್ದು, ಎಷ್ಟು ಎಕರೆ, ಏನು ಬೆಳೆ ಎಂದು ಟೈಪು ಮಾಡಿ ಮುದ್ರಿಸುವುದು ಧನ್ಯಾಳ ಕೆಲಸ. ಮುದ್ರಿಸಿದ್ದನ್ನು ಆಯಾ ಊರಿನ ಗ್ರಾಮ ಲೆಕ್ಕಿಗರು ಪುಸ್ತಕದೊಂದಿಗೆ ಸಾಲುಸಾಲಾಗಿ ತಾಳೆ ನೋಡಿ, ಪ್ರತಿ ಹಾಳೆಗೂ ಸಹಿ ಹಾಕಬೇಕು. ಗುರುವಯ್ಯ ಆಲ್ದೂರಿನಾಚೆಯ ಬಿದಿರುಗೋಡಿನ ಲೆಕ್ಕಿಗರು. ಮೂವತ್ತೊಂದು ವರ್ಷದ ಸರ್ವೀಸು. ಮಾರ್ಚಿ ಮುಗಿದರೆ ನಿವೃತ್ತಿ.

ಧನ್ಯಾ ಬಿ.ಎಸ್ಸಿ. ಮುಗಿಸಿ ಗುತ್ತಿಗೆಯ ಮೇಲೆ ಸೇರಿದವಳು. ದಿನಾ ವಸ್ತಾರೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಎಂಟು ತಿಂಗಳಲ್ಲಿ ಅವಳು ಟೈಪು ಮಾಡಿದ ಅಕ್ಷರಗಳಿಗೆ ಲೆಕ್ಕವಿಲ್ಲ, ಆಡಿದ ಮಾತು ಮಾತ್ರ ಬೆರಳೆಣಿಕೆಯಷ್ಟು. ಪಕ್ಕದವರನ್ನು ಏನಾದರೂ ಕೇಳಬೇಕಾದರೆ ಚೀಟಿ ಬರೆದು ಮೇಜಿನ ಮೇಲೆ ತಳ್ಳುವ ಹುಡುಗಿ. ಈಗಲೂ ಯಾಕೆ ಎಂದು ಕೇಳಲಿಲ್ಲ. ಆದರೆ ಮನಸ್ಸಿನಲ್ಲಿ, ಓಹೋ, ಶುರುವಾಯಿತು ಅಂದುಕೊಂಡಳು. ಅವಳು ಪಿಯುಸಿಯಲ್ಲಿದ್ದಾಗ ಒಂದು ಪಹಣಿಗಾಗಿ ಅವಳ ಅಪ್ಪ ಅಂಗಡಿಗೆ ಬೀಗ ಹಾಕಿ ಮೂರು ವಾರ ಒಬ್ಬ ಲೆಕ್ಕಿಗನ ಹಿಂದೆ ಅಲೆದಿದ್ದರು. ಈ ಯಂತ್ರ ಬಂದ ಮೇಲೆ ಯಾರೂ ಯಾರ ಹಿಂದೆಯೂ ಅಲೆಯಬೇಕಾಗಿಲ್ಲ, ಕಿಟಕಿಯಲ್ಲಿ ಕೈಯೊಡ್ಡಿದರೆ ಹಾಳೆ ಬರುತ್ತದೆ ಎಂಬುದು ಅವಳು ಒಳಗೊಳಗೇ ಸಂಭ್ರಮಿಸುತ್ತಿದ್ದ ಸಂಗತಿ. ಸಹಿ ತಡೆದು ಕೂತ ಲೆಕ್ಕಿಗನನ್ನು ಕಂಡರೆ ಅವಳಿಗೆ ಬೇರೆ ಏನೂ ತೋಚುತ್ತಿರಲಿಲ್ಲ.

ಗುರುವಯ್ಯ ಮಾತ್ರ ಬೇರೇನೋ ತೋರಿಸಿದರು. ಕೆಂಪು ಬಟ್ಟೆಯ ಗಂಟಿನಿಂದ ಪಹಣಿ ಪುಸ್ತಕ ತೆಗೆದು, ಸರ್ವೆ ನಂಬರು ಅರವತ್ತೊಂದರ ಪುಟ ಬಿಡಿಸಿ, ಅಂಚಿನ ಮೇಲೆ ಬೆರಳಿಟ್ಟರು. ಅಲ್ಲಿ ಪೆನ್ಸಿಲಿನಲ್ಲಿ ಸಣ್ಣಕ್ಷರದಲ್ಲಿ ಎರಡು ಸಾಲಿತ್ತು. "ಕೆರೆಯ ನೀರು ಮಂಗಳವಾರ, ಶುಕ್ರವಾರ ಸಂಜೆ ಕೆಳಗಿನ ತಮ್ಮಯ್ಯನ ತೋಟಕ್ಕೆ. ಚಂದ್ರಶೇಖರಪ್ಪನವರು ಒಪ್ಪಿದ್ದಾರೆ."

ಧನ್ಯಾಗೆ ಆ ಪೆನ್ಸಿಲ್ ಸಾಲುಗಳು ಹೊಸವೇನಲ್ಲ. ಬಿದಿರುಗೋಡಿನ ಪುಸ್ತಕದಲ್ಲಿ ಅಂಥವು ಮೂವತ್ತನಾಲ್ಕು ಇದ್ದವು. ಶಾಯಿಯಲ್ಲಿ ಬರೆದು, ಮೇಲಿನವರ ಸಹಿ ಬಿದ್ದದ್ದನ್ನು ಮಾತ್ರ ಟೈಪು ಮಾಡಬೇಕು, ಒಂದಕ್ಷರ ಸೇರಿಸಬಾರದು, ಒಂದಕ್ಷರ ಬಿಡಬಾರದು ಎಂದು ಅವರಿಗೆಲ್ಲ ಎರಡು ದಿನ ತರಬೇತಿ ಕೊಟ್ಟಿದ್ದರು. ಅವಳು ಹಾಗೆಯೇ ಮಾಡಿದ್ದಳು. ಆದರೆ ಕಣ್ಣಿಗೆ ಬಿದ್ದದ್ದನ್ನು ಹಾಗೇ ಬಿಟ್ಟು ಮುಂದೆ ಹೋಗಲು ಏನೋ ಸಂಕಟವಾಗಿ, ಮೂವತ್ತನಾಲ್ಕನ್ನೂ ಪ್ರಿಂಟರಿನ ಹಾಳಾದ ಕಾಗದದ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಡ್ರಾಯರಿನಿಂದ ತೆಗೆದು ಗುರುವಯ್ಯನವರ ಮುಂದೆ ಇಟ್ಟಳು.

ಗುರುವಯ್ಯ ಕನ್ನಡಕ ಏರಿಸಿ, ಪೂರಾ ಓದಿ, ಅವಳನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು. ಆಮೇಲೆ ವಿವರಿಸಿದರು. ಊರಿನವರು ತಮ್ಮತಮ್ಮಲ್ಲೇ ಒಪ್ಪಿಕೊಂಡದ್ದನ್ನು ಅವರು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಶಾಯಿಯಲ್ಲಿ ಬರೆಯಬೇಕೆಂದರೆ ಅರ್ಜಿ, ನೋಟೀಸು, ತಕರಾರು, ಕೋರ್ಟು. ಪೆನ್ಸಿಲಾದರೆ ಜಗಳವಾದಾಗ ಪುಸ್ತಕ ಬಿಡಿಸಿ ತೋರಿಸಿದರೆ ಸಾಕು, ಇಬ್ಬರೂ ನಾಚಿಕೊಂಡು ಮನೆಗೆ ಹೋಗುತ್ತಾರೆ. ಒಪ್ಪಂದ ಬದಲಾದರೆ ರಬ್ಬರಿದೆ. ಹೊಸ ಪುಸ್ತಕ ಬಂದಾಗಲೆಲ್ಲ ಶಾಯಿಯ ಜೊತೆಗೆ ಪೆನ್ಸಿಲನ್ನೂ ನಕಲು ಮಾಡಿಕೊಂಡು ಬಂದಿದ್ದರು.

"ಅಲ್ಲ ಸರ್, ಉಳಿದ ಮೂವತ್ತೆರಡು?" ಎಂದಳು ಧನ್ಯಾ. ಸ್ವರ ಅವಳಿಗೇ ಕೇಳಿಸಿತೋ ಇಲ್ಲವೋ.

"ಅವು ಹೋದ್ರೆ ಹೋಗ್ಲಿ. ಆ ಜನ ಇನ್ನೂ ಅಲ್ಲೇ ಇದಾರೆ, ಮುಖ ನೋಡ್ಕಂಡು ಸರಿ ಮಾಡ್ಕಂತಾರೆ. ಇದು ಹಂಗಲ್ಲ."

ಇದು ಹಾಗಲ್ಲದ್ದಕ್ಕೆ ಕಾರಣವಿತ್ತು. ಕೆರೆಯ ಮಾಲೀಕರಾದ ಚಂದ್ರಶೇಖರಪ್ಪನವರಿಗೆ ಎಪ್ಪತ್ತೆರಡಾಗಿತ್ತು. ಗುಡ್ಡ ಹತ್ತಲಾಗದೆ ತೋಟದ ಮೇಲಿನ ಭಾಗವನ್ನು, ಕೆರೆಯೂ ಸೇರಿ, ಹಾಸನದ ಕಡೆಯ ಯಾರಿಗೋ ಮಾರಲು ಮಾತಾಗಿತ್ತು. ಮುಂದಿನ ತಿಂಗಳು ರಿಜಿಸ್ಟ್ರಿ. ಕೆರೆಯ ಕೆಳಗೆ ತಮ್ಮಯ್ಯನ ಎರಡು ಎಕರೆ ರೊಬಸ್ಟಾ ಕಾಫಿ ತೋಟ. ತಮ್ಮಯ್ಯ ತೀರಿಹೋಗಿ ಐದು ವರ್ಷವಾಗಿ, ಈಗ ಅವನ ಹೆಂಡತಿ ಕೃಷ್ಣಮ್ಮ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಹೂಮಳೆ ಕೈಕೊಟ್ಟ ವರ್ಷ ಆ ಕೆರೆಯ ನೀರು ಬಿಟ್ಟರೆ ಅವಳ ಗಿಡಗಳಿಗೆ ಬೇರೆ ಗತಿಯಿಲ್ಲ. ಹೂವು ಅರಳದಿದ್ದರೆ ಆ ವರ್ಷದ ಬೆಳೆಯೂ ಇಲ್ಲ. ಕೊಳ್ಳುವವರು ನಾಳೆ ಓದುವುದು ಧನ್ಯಾ ಮುದ್ರಿಸಿದ ಹಾಳೆಯನ್ನು. ಅದರಲ್ಲಿ ಪೆನ್ಸಿಲ್ ಇರುವುದಿಲ್ಲ.

ಇಬ್ಬರೂ ತಹಶೀಲ್ದಾರರ ಬಳಿ ಹೋದರು. ಅಂದರೆ ಗುರುವಯ್ಯ ಮಾತಾಡಿದರು, ಧನ್ಯಾ ಪುಸ್ತಕ ಹಿಡಿದುಕೊಂಡಿದ್ದಳು. ತಹಶೀಲ್ದಾರರು ವಾರದಿಂದ ಸರಿಯಾಗಿ ಊಟ ಮಾಡಿದ್ದಂತೆ ಕಾಣಲಿಲ್ಲ. ಆದರೂ ಪೂರ್ತಿ ಕೇಳಿಸಿಕೊಂಡರು. ಪೆನ್ಸಿಲನ್ನು ಟೈಪು ಮಾಡಿಸಿದರೆ ನಾಳೆ ಪ್ರತಿ ಊರಿನ ಲೆಕ್ಕಿಗನೂ ಒಂದೊಂದು ಪೆನ್ಸಿಲ್ ಹಿಡಿದು ಬರುತ್ತಾನೆ, ಅದನ್ನು ತಪ್ಪಿಸುವುದಕ್ಕೇ ಸರ್ಕಾರ ಇಷ್ಟೆಲ್ಲ ಮಾಡುತ್ತಿರುವುದು ಎಂದರು. ಧನ್ಯಾಗೆ ಅದು ನ್ಯಾಯವೆನ್ನಿಸಿತು. ದಾರಿ ಒಂದೇ ಇತ್ತು. ಜಮೀನಿನ ಮಾಲೀಕರೇ ಒಪ್ಪಿ ಮಹಜರಿಗೆ ಸಹಿ ಹಾಕಿಕೊಟ್ಟರೆ, ಇತರೆ ಹಕ್ಕುಗಳ ಹನ್ನೊಂದನೇ ಕಾಲಮ್ಮಿಗೆ ಅದನ್ನು ಸೇರಿಸಲು ತಾವು ಆದೇಶ ಮಾಡುತ್ತೇವೆ. ಶನಿವಾರ ಸಂಜೆಯೊಳಗೆ ಬರಬೇಕು. ಸೋಮವಾರ ಈ ಹೋಬಳಿಯ ದಾಖಲೆ ಜಿಲ್ಲೆಗೆ ಹೋಗುತ್ತದೆ. ಅಧಿಸೂಚನೆ ಹೊರಟ ಮೇಲೆ ಕೈಬರಹದ ಪುಸ್ತಕಕ್ಕೆ ಬೆಲೆಯಿಲ್ಲ, ಅದು ರೆಕಾರ್ಡ್ ರೂಮಿಗೆ ಹೋಗಿ ಬೀಗ ಬೀಳುತ್ತದೆ. ಅಂದು ಗುರುವಾರ.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಗುರುವಯ್ಯ ಹೇಳಿದರು, "ನಾಳೆ ನೀನೂ ಬಾ ಮಗಾ. ಲೆಕ್ಕಿಗ ಒಬ್ನೇ ಹೋಗಿ ಸೈನ್ ಕೇಳಿದ್ರೆ, ಇವನಿಗೆ ಏನೋ ಗಿಟ್ಟಿದೆ ಅಂತಾರೆ. ಕಂಪ್ಯೂಟರಿನವಳು ಬಂದಿದಾಳೆ ಅಂದ್ರೆ ಅದರ ಮಾತೇ ಬೇರೆ."

ಧನ್ಯಾ ಆ ರಾತ್ರಿ ಅಮ್ಮನಿಗೆ ಜ್ವರ ಬಂದ ಹಾಗಿದೆ ಎಂದು ಹೇಳಿ ನೋಡಿದಳು. ಅಮ್ಮ ಹಣೆ ಮುಟ್ಟಿ, ಏನೂ ಇಲ್ಲ, ಹೋಗು ಎಂದರು.

ಆಲ್ದೂರಿನಲ್ಲಿ ಬಸ್ಸಿಳಿದು, ಒಂದು ಪಿಕಪ್ಪಿನ ಹಿಂದೆ ಗೊಬ್ಬರದ ಚೀಲಗಳ ಮೇಲೆ ಕೂತು, ಅವರು ಬಿದಿರುಗೋಡು ಮುಟ್ಟಿದಾಗ ಹತ್ತು ಗಂಟೆ. ಮೊದಲು ಕೃಷ್ಣಮ್ಮನ ಮನೆಗೆ ಹೋದರು. ಆಕೆ ಅಂಗಳದಲ್ಲಿ ಕಾಳುಮೆಣಸು ತುಳಿಯುತ್ತಿದ್ದಳು. ಲೆಕ್ಕಿಗರ ಜೊತೆ ಬಂದ ಹುಡುಗಿಯನ್ನು ಅವರ ಮಗಳೆಂದೇ ತಿಳಿದು, ಕಾಲು ತೊಳೆಯಲು ನೀರು ಕೊಟ್ಟು, ಅವಲಕ್ಕಿ ಬಾಳೆಹಣ್ಣು ತಂದಿಟ್ಟು, ಇಷ್ಟು ದಿನ ಯಾಕೆ ಕರೆತರಲಿಲ್ಲವೆಂದು ಗುರುವಯ್ಯನವರನ್ನು ಗದರಿದಳು. ವಿಷಯ ಕೇಳಿದ ಮೇಲೆ ಮಾತ್ರ ಮೆಣಸಿನ ರಾಶಿಯ ಪಕ್ಕ ಕೂತುಬಿಟ್ಟಳು. ಮೆಣಸಿನ ಗೊನೆಯ ತೊಟ್ಟುಗಳನ್ನು ಒಂದೊಂದಾಗಿ ಆರಿಸತೊಡಗಿದಳು.

"ಬ್ಯಾಡ ಗುರುವಯ್ಯೋರೆ. ಕೊಟ್ಟೋರ ಹತ್ರ ರಸೀದಿ ಕೇಳದಾ?"

ಗುರುವಯ್ಯ ಮಾರಾಟದ ವಿಷಯ ತಿಳಿಸಿದರು. ಅವಳಿಗೆ ಅದು ಗೊತ್ತಿತ್ತು. ನೀರು ಹೋದರೆ ಮುಂದಿನ ವರ್ಷ ಹೇಗೆ ಎಂದರು. ಅದೂ ಅವಳಿಗೆ ಗೊತ್ತಿತ್ತು. ಅದನ್ನು ಯೋಚಿಸಿ ಯೋಚಿಸಿಯೇ ಅವಳ ನಿದ್ದೆ ಹೋಗಿತ್ತು. "ಅಯ್ಯೋರ ಮನೆ ಅಮ್ಮ ಇದಾರಲ್ಲ, ವಿಮಲಮ್ಮ, ನನ್ನ ಬಾಣಂತನ ಮಾಡ್ದೋರು ಅವ್ರು," ಎಂದಳು, ಸತ್ತು ಹನ್ನೆರಡು ವರ್ಷವಾದ ಚಂದ್ರಶೇಖರಪ್ಪನವರ ಹೆಂಡತಿಯನ್ನು ಇದ್ದಾರೆಂಬಂತೆಯೇ. "ಈಗ ಕಾಗ್ದ ಹಿಡ್ಕಂಡು ಹೋಗಿ, ಇಲ್ಲಿ ಸೈನ್ ಹಾಕಿ ಅಂದ್ರೆ, ನಂಬಿಕೆ ಇಲ್ದೋಳು ಅಂತ ಆಗಲ್ವಾ? ನೀರು ಹೋದ್ರೆ ಕೂಲಿ ಮಾಡ್ತೀನಿ. ಆ ಮಾತು ಕೇಳಾಕೆ ಆಗಲ್ಲ." ಕೊನೆಗೆ, ತಾನು ಬರುವುದಿಲ್ಲ, ನೀವು ಹೋಗುವುದಾದರೆ ತನ್ನ ಹೆಸರು ಹೇಳಿ ಹೋಗಬೇಡಿ ಎಂದು ಧನ್ಯಾಳ ಕೈಗೆ ಇನ್ನೆರಡು ಬಾಳೆಹಣ್ಣು ತುರುಕಿದಳು.

ಚಂದ್ರಶೇಖರಪ್ಪನವರು ಕಣದಲ್ಲಿದ್ದರು. ಪಂಚೆ ಎತ್ತಿ ಕಟ್ಟಿ, ಹಣೆಯ ಮೇಲೆ ವಿಭೂತಿ ಬೆವರಿಗೆ ಕರಗಿ, ಒಣಗಲು ಹರವಿದ್ದ ಕಾಫಿ ಹಣ್ಣನ್ನು ಕಾಲಿನಿಂದ ಸಾಲು ಎಳೆದು ತಿರುವುತ್ತಿದ್ದರು. ಆಳುಗಳಿದ್ದರೂ ಆ ಕೆಲಸ ಅವರಿಗೆ ಇಷ್ಟವಂತೆ. ಇವರನ್ನು ನೋಡಿ ಕಾಫಿ ತರಲು ತೋಟದ ಲೆಕ್ಕ ಬರೆಯುವ ರೈಟರನ್ನು ಒಳಗೆ ಕಳಿಸಿ, ಕಣದ ಕಟ್ಟೆಯ ಮೇಲೆ ಕೂತರು. ಗುರುವಯ್ಯ ಸುತ್ತಿ ಬಳಸಿ, ಸರ್ಕಾರದ ಹೊಸ ಪದ್ಧತಿಯಿಂದ ಶುರು ಮಾಡಿ, ಪೆನ್ಸಿಲಿಗೆ ಬರುವ ಹೊತ್ತಿಗೆ ಕಾಫಿ ಮುಗಿದಿತ್ತು.

"ನಿನ್ನ ಪೆನ್ಸಿಲ್ ಚೂಪು ಮಾಡಕ್ಕೆ ನಮ್ಮನೆ ಕಾಫಿಪುಡಿ ಎಷ್ಟು ಸೇರು ಹೋಗಿದೆ ಮಾರಾಯ," ಎಂದು ಚಂದ್ರಶೇಖರಪ್ಪನವರು ನಕ್ಕರು. ನಗು ಅಲ್ಲಿಗೇ ನಿಂತಿತು. "ಕೃಷ್ಣಮ್ಮ ಕಳಿಸಿದ್ಲಾ?"

"ಇಲ್ಲ. ಬ್ಯಾಡ ಅಂತ ಹೇಳಿ ಕಳಿಸಿದ್ಲು."

"ಮತ್ತೆ? ನಾನು ಯಾವತ್ತಾದ್ರೂ ತೂಬು ಮುಚ್ಚಿದೀನಾ? ತಗೊಳ್ಳೋರಿಗೂ ನಾನೇ ಬಾಯಾರೆ ಹೇಳಿದೀನಿ, ಎರಡು ದಿನ ನೀರು ಆಕೆಗೆ ಅಂತ. ಹೂಂ ಅಂದಿದಾರೆ. ಇಷ್ಟು ವರ್ಷ ಇಲ್ದೇ ಇರೋ ಸಹಿ ಈಗ್ಯಾಕೆ?"

ಗುರುವಯ್ಯ ತಲೆ ತಗ್ಗಿಸಿ ಕಾಲಬಳಿಯ ಹಣ್ಣೊಂದನ್ನು ಸಾಲಿಗೆ ತಳ್ಳಿದರು. ಮೂವತ್ತೊಂದು ವರ್ಷ ಇದೇ ಮನುಷ್ಯನ ಕಾಫಿ ಕುಡಿದು, ಇವತ್ತು ನಿಮ್ಮ ಮಾತು ಸಾಲದು ಎಂದು ಹೇಳುವುದು ಅವರಿಂದ ಆಗುತ್ತಿರಲಿಲ್ಲ. ಹೇಳಬೇಕಾದವರು ಬೇರೆ ಯಾರೂ ಇಲ್ಲವೆಂದು ಧನ್ಯಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅವರು ಹೂಂ ಅಂದಿದ್ದು ಕಂಪ್ಯೂಟರಲ್ಲಿ ಬರಲ್ಲ ಸರ್," ಎಂದಳು.

ಚಂದ್ರಶೇಖರಪ್ಪನವರು ಅವಳ ಕಡೆ ತಿರುಗಿದರು. ಯಾರ ಮಗಳು, ಯಾವ ಊರು ಎಂದು ಕೇಳಿದರು. ವಸ್ತಾರೆಯ ಅಂಗಡಿಯವರ ಮಗಳೆಂದು ಹೇಳಿದಳು. ಅವರ ಅಂಗಡಿಯ ಬೆಲ್ಲ ಚೆನ್ನಾಗಿರುತ್ತದೆ ಎಂದು ಹೇಳಿ ಅವರು ಮತ್ತೆ ಗುರುವಯ್ಯನವರ ಕಡೆ ತಿರುಗಿಬಿಟ್ಟರು. ಮಾತು ಅಲ್ಲಿಗೆ ಮುಗಿದ ಹಾಗಿತ್ತು. ಪುಸ್ತಕ ಕಚೇರಿಯಿಂದ ಹೊರಗೆ ತರುವಂತಿರಲಿಲ್ಲವಾದ್ದರಿಂದ ಧನ್ಯಾಳ ಚೀಲದಲ್ಲಿ ಆ ಹಾಳಾದ ಕಾಗದದ ಪಟ್ಟಿಯಿತ್ತು. ತನ್ನ ಮಾತು ಆಡುವುದಕ್ಕಿಂತ ಬರೆದದ್ದನ್ನು ಓದುವುದು ಅವಳಿಗೆ ಸುಲಭ. ಅದನ್ನು ತೆಗೆದು, ಮೊದಲಿನಿಂದ, ಶಾಲೆಯಲ್ಲಿ ಪಾಠ ಓದಿದ ಹಾಗೆ ಓದತೊಡಗಿದಳು.

ನಂಬರು ಹನ್ನೆರಡು, ಗಡಿಯ ಹಲಸಿನ ಮರ, ಹಣ್ಣು ಇಬ್ಬರಿಗೂ ಸಮ, ಬಿದ್ದದ್ದು ಬಿದ್ದ ಕಡೆಯವರಿಗೆ. ಚಂದ್ರಶೇಖರಪ್ಪನವರ ಮುಖದಲ್ಲಿ ಸಣ್ಣ ನಗು ಹಾದುಹೋಯಿತು. ಆ ಹಲಸಿನ ಜಗಳ ಅವರೇ ಬಿಡಿಸಿದ್ದು. ನಂಬರು ಇಪ್ಪತ್ತು, ಮರಿಯಮ್ಮನ ಎಮ್ಮೆ ನೀರಿಗೆ ಹೋಗಲು ಬೇಲಿಯಲ್ಲಿ ಎರಡು ಮಾರು ಜಾಗ, ಎಮ್ಮೆ ಇರುವವರೆಗೆ. ಎಮ್ಮೆ ಹೋಗಿ ಹದಿನೈದು ವರ್ಷವಾಯಿತು, ಅಳಿಸಿಲ್ಲವಲ್ಲ ಎಂದರು. ಅಳಿಸಲು ಮನಸ್ಸಾಗಲಿಲ್ಲ ಎಂದರು ಗುರುವಯ್ಯ. ಧನ್ಯಾ ತಲೆಯೆತ್ತದೆ ಓದಿದಳು. ಅರವತ್ತೊಂದು ಬಂತು, ಕೆರೆಯ ನೀರು. ಅದಾದ ಮೇಲೆ ಅರವತ್ತೆರಡು.

"ಚಂದ್ರಶೇಖರಪ್ಪನವರ ಮನೆಯವರು ಸಮಾಧಿಗೆ ಹೋಗಿ ಬರುವ ದಾರಿ. ತಮ್ಮಯ್ಯ ಒಪ್ಪಿದ್ದಾನೆ. ಯಾರೂ ಕೇಳಿಲ್ಲ."

"ಏನಂದೆ?" ಎಂದರು ಚಂದ್ರಶೇಖರಪ್ಪನವರು. "ಅದನ್ನ ಇನ್ನೊಂದ್ಸಲ ಓದು."

ಅವಳು ಓದಿದಳು. ಅರವತ್ತೆರಡು ಯಾರದ್ದು ಎಂದು ಅವರು ಕೇಳಲಿಲ್ಲ, ಅದು ತಮ್ಮಯ್ಯನ ತೋಟವೆಂದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ್ದು, ದಿನಾ ಬೆಳಿಗ್ಗೆ ಹೆಂಡತಿಯ ಸಮಾಧಿಗೆ ಹೂವಿಡಲು ತಾವು ನಡೆದು ಹೋಗುವ ದಾರಿ ಅದರೊಳಗೆ ಬರುತ್ತದೆ ಎಂಬುದು. ಅದು ಮೊದಲಿನಿಂದ ಇದ್ದ ಕಾಲುದಾರಿ, ಸರ್ಕಾರದ್ದು ಎಂದು ತಿಳಿದಿದ್ದೆ ಎಂದರು.

ಗುರುವಯ್ಯ ನಿಧಾನವಾಗಿ ಹೇಳಿದರು. ವಿಮಲಮ್ಮ ತೀರಿಕೊಂಡ ದಿನ, ಆಕೆ ಮೊದಲೇ ಹೇಳಿಟ್ಟಿದ್ದಂತೆ ಆ ಕಡೆಯ ದಿಬ್ಬದ ಮೇಲೆ ಮಣ್ಣು ಮಾಡುವುದೆಂದಾಯಿತಲ್ಲ. ಅಲ್ಲಿಗೆ ಹೋಗಲು ಜವುಗು ಸುತ್ತಿಕೊಂಡು ಹೋಗಬೇಕಿತ್ತು. ಹೊತ್ತವರು ಕಾಲಿಟ್ಟರೆ ಮೊಣಕಾಲು ಹೂಳುವ ಜಾಗ. ಬೆಳಕು ಹರಿಯುವ ಮೊದಲೇ ತಮ್ಮಯ್ಯ ಕತ್ತಿ ತಗೊಂಡು ಹೋಗಿ ತನ್ನ ತೋಟದ ನಡುವೆ ದಾರಿ ಬಿಡಿಸಿದ. ಎಂಟು ದಿನ ಬಿಟ್ಟು ತಮ್ಮ ಹತ್ತಿರ ಬಂದು, ನಾಳೆ ನನ್ನ ಕಡೆಯವರು ಯಾರಾದರೂ ಬೇಲಿ ಹಾಕಿಯಾರು, ಪುಸ್ತಕದಲ್ಲಿ ಬರೆದಿಡಿ, ಅಯ್ಯನವರು ಬಂದು ಕೇಳುವ ಹಾಗೆ ಆಗಬಾರದು ಎಂದ.

"ಗಿಡ ಕಡಿದ್ನಾ?"

"ಕಡಿದ. ಕಾಯಿ ಇದ್ದ ಗಿಡ."

"ಎಷ್ಟು?"

"ಆರು."

ಚಂದ್ರಶೇಖರಪ್ಪನವರು ಕಣದ ಕಡೆ ನೋಡುತ್ತ ಕೂತರು. ರೈಟರ್ ಬಂದು ಲೋಟಗಳನ್ನು ತೆಗೆದುಕೊಂಡು ಮೆತ್ತಗೆ ಹೋದ. ಬೆಳಿಗ್ಗೆ ಅರ್ಧ ಗಂಟೆ ಮಾತಾಡಿದ ಕೃಷ್ಣಮ್ಮ ಈ ದಾರಿಯ ಮಾತನ್ನೇ ಎತ್ತಿರಲಿಲ್ಲವೆಂದು ಧನ್ಯಾಗೆ ಆಗ ಹೊಳೆಯಿತು. ಎತ್ತಿದ್ದರೆ ಕೇಳುವುದು ಎಷ್ಟು ಸುಲಭವಾಗುತ್ತಿತ್ತು. ತಾನು ಅದನ್ನು ಓದಬಾರದಿತ್ತೇನೋ ಎನ್ನಿಸಿ, ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಬರಿ ಮಾರಾಯ," ಎಂದರು ಕೊನೆಗೆ ಅವರು. "ನೀರಿಂದು ಬರಿ."

ಗುರುವಯ್ಯ ಮೊಣಕಾಲ ಮೇಲೆ ಹಲಗೆಯಿಟ್ಟು ಮಹಜರು ಬರೆದರು. ಶಾಯಿಯಲ್ಲಿ ಬರೆಯುವಾಗ ಅವರ ಅಕ್ಷರ ಬೇರೆಯೇ ಆಗುತ್ತಿತ್ತು, ದುಂಡಗೆ, ದೊಡ್ಡದಾಗಿ. ರೈಟರೂ ಮೇಸ್ತ್ರಿಯೂ ಸಾಕ್ಷಿ ಹಾಕಿದರು. ಚಂದ್ರಶೇಖರಪ್ಪನವರು ಎರಡು ಸಲ ಓದಿ, ತಮ್ಮ ನಂತರ ಜಮೀನು ಯಾರ ಕೈಗೆ ಹೋದರೂ ಎಂಬ ಮಾತನ್ನು ತಾವೇ ಹೇಳಿ ಸೇರಿಸಿ, ಸಹಿ ಮಾಡಿದರು. ಹಾಸನದವರು ಇದನ್ನು ನೋಡಿ ಬೇಡವೆಂದರೆ ಎಂದು ಗುರುವಯ್ಯ ಕೇಳಿದ್ದಕ್ಕೆ, ಬೇಡ ಅಂದರೆ ಬೇಡ, ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ ಎಂದರು.

ಗುರುವಯ್ಯ ಇನ್ನೊಂದು ಹಾಳೆ ತೆಗೆದರು. "ಇದ್ರ ಜೊತೆಗೇ ದಾರಿದೂ ಬರೆದುಬಿಡ್ತೀನಿ. ಕೃಷ್ಣಮ್ಮ ಕಣ್ಣು ಮುಚ್ಚಿ ಸೈನ್ ಹಾಕ್ತಾಳೆ. ನಾಳೆ ಪುಸ್ತಕ ಬೀಗದೊಳಗೆ ಹೋದ್ರೆ ನಿಮಗೂ ಆಧಾರ ಇರಲ್ಲ."

"ಅದು ಬ್ಯಾಡ."

"ಯಾಕೆ?"

"ಹಕ್ಕು ಅಂತ ಬರೆದ್ರೆ ನಾನು ಸುಮ್ನೆ ಹೋಗಿ ಬರ್ತಾ ಇರ್ತೀನಿ. ಹನ್ನೆರಡು ವರ್ಷ ಹಂಗೇ ಹೋಗಿದೀನಿ, ಆ ಮನೆ ಕಡೆ ತಿರುಗಿ ಸಮೇತ ನೋಡ್ದೇ." ಅವರು ಎದ್ದು ನಿಂತರು. "ಕಾಗ್ದ ಒಳಗಿಡು. ಊಟ ಮಾಡ್ಕಂಡು ಹೋಗಿ ಇಬ್ರೂ."

ಶನಿವಾರ ಮಧ್ಯಾಹ್ನ ತಹಶೀಲ್ದಾರರು ಮಹಜರಿನ ಮೇಲೆ ಆದೇಶ ಬರೆದು, ಧನ್ಯಾಳನ್ನು ನೋಡಿ, ನೀನೂ ಹೋಗಿದ್ದೆಯಾ ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಕಂಪ್ಯೂಟರಿನ ಮುಂದೆ ಕೂತು ಹನ್ನೊಂದನೇ ಕಾಲಂ ತೆರೆದು ಟೈಪು ಮಾಡಿದಳು. ಪಕ್ಕದಲ್ಲಿ ಗುರುವಯ್ಯ ಬರಿಗಾಲನ್ನು ಒಂದರ ಮೇಲೊಂದಿಟ್ಟುಕೊಂಡು, ಅಷ್ಟು ತಣ್ಣನೆಯ ಕೋಣೆಯಲ್ಲೂ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಪ್ರಿಂಟರು ಕಿರ್ರ್ ಕಿರ್ರ್ ಎಂದು ಹಾಳೆ ಹೊರಗೆ ತಳ್ಳಿತು. ಕಾಲಮ್ಮಿನ ಜಾಗ ಸಾಲದೆ ಸಾಲು ಅರ್ಧಕ್ಕೇ ಕತ್ತರಿಸಿತ್ತು. ಯಾರ ನೀರು, ಯಾರ ತೋಟಕ್ಕೆ ಎಂಬುದಿತ್ತು. ಯಾವ ದಿನ ಎಂಬುದಿರಲಿಲ್ಲ.

"ದಿನ ಹೋದ್ರೆ ಇನ್ನೇನು ಉಳೀತು? ಹಾಸನದವ್ರು ವರ್ಷಕ್ಕೊಂದು ದಿನ ನೀರು ಬಿಟ್ಟು, ಕೊಟ್ಟೆ ಅಂತಾರೆ," ಎಂದರು ಗುರುವಯ್ಯ.

ಧನ್ಯಾ ಮತ್ತೆ ಬರೆದಳು. ಒಂದೊಂದೇ ಪದ ತೆಗೆದಳು. ಗೌರವದ ಮಾತುಗಳು ಹೋದವು, ಸಂಬಂಧದ ಮಾತುಗಳು ಹೋದವು, ಒಪ್ಪಿದ್ದಾರೆ ಎಂಬುದು ಹೋಯಿತು. ಐದನೇ ಸಲಕ್ಕೆ ಮಂಗಳವಾರ, ಶುಕ್ರವಾರ ಎರಡೂ ಕಾಲಮ್ಮಿನೊಳಗೆ ಕೂತವು. ಗುರುವಯ್ಯ ಹಾಳೆಯನ್ನು ಬೆಳಕಿಗೆ ಹಿಡಿದು ಓದಿ, ಚಂದ್ರಶೇಖರಪ್ಪನವರನ್ನು ಬರೀ ಚಂದ್ರಶೇಖರಪ್ಪ ಎಂದು ಕರೆಯುವ ಧೈರ್ಯ ಈ ತಾಲ್ಲೂಕಿನಲ್ಲಿ ಈ ಯಂತ್ರ ಒಂದಕ್ಕೇ ಇರುವುದು ಎಂದು ನಕ್ಕು, ಸಹಿ ಹಾಕಿದರು. ಆಮೇಲೆ ಅರವತ್ತೆರಡರ ಹಾಳೆಯನ್ನು ಎತ್ತಿಕೊಂಡರು. ಅದರ ಹನ್ನೊಂದನೇ ಕಾಲಂ ಖಾಲಿಯಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಅದಕ್ಕೂ ಸಹಿ ಹಾಕಿದರು. ಸೋಮವಾರ ಬೆಳಿಗ್ಗೆ ಕೆಂಪು ಗಂಟುಗಳನ್ನೆಲ್ಲ ತಳ್ಳುಗಾಡಿಯಲ್ಲಿ ಹೇರಿ ರೆಕಾರ್ಡ್ ರೂಮಿಗೆ ಸಾಗಿಸಿದರು.

ಹೂಮಳೆ ಆ ವರ್ಷ ಬರಲೇ ಇಲ್ಲ. ಮಾರ್ಚಿಯ ಮೂರನೆಯ ಭಾನುವಾರ, ಕಿಟಕಿಯಲ್ಲಿ ಕೊಡುವ ಹೊಸ ಪಹಣಿಯ ಒಂದು ಪ್ರತಿಯನ್ನು ತೆಗೆದುಕೊಂಡು ಧನ್ಯಾ ಒಬ್ಬಳೇ ಬಿದಿರುಗೋಡಿಗೆ ಹೋದಳು. ಕೃಷ್ಣಮ್ಮ ಕೇಳಿರಲಿಲ್ಲ, ಯಾರೂ ಕಳಿಸಿರಲಿಲ್ಲ. ವಸ್ತಾರೆಯಿಂದ ಮೊದಲ ಬಸ್ಸಿಗೇ ಹೊರಟಿದ್ದಳು. ದಾರಿಯುದ್ದಕ್ಕೂ ತೋಟಗಳು ಬಾಡಿದ್ದವು, ಮೊಗ್ಗು ಕಂದಾಗಿ ಗಿಡಗಳಲ್ಲೇ ಮುರುಟಿತ್ತು. ಕೃಷ್ಣಮ್ಮನ ತೋಟದ ತಿರುವಿಗೆ ಬರುವಾಗ ವಾಸನೆ ಮೊದಲು ಬಂತು. ಎರಡು ಎಕರೆಯೂ ಬೆಳ್ಳಗಾಗಿತ್ತು. ಜೇನುನೊಣಗಳ ಸದ್ದಿಗೆ ಮಾತೇ ಕೇಳದ ಹಾಗಿತ್ತು.

ಕೃಷ್ಣಮ್ಮ ಹಾಳೆಯನ್ನು ಸೆರಗಿನಲ್ಲಿ ಕೈ ಒರೆಸಿಕೊಂಡು ಈಸಿಕೊಂಡಳು. ತನ್ನ ಹೆಸರೆಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಾಡಿಸಿ, ದೇವರ ಗೂಡಿನ ಹಿಂದೆ ಇಟ್ಟುಬಂದಳು. ರೊಟ್ಟಿ ತಟ್ಟುತ್ತೇನೆ, ತಿಂದೇ ಹೋಗಬೇಕು ಎಂದಳು. ಹಿಟ್ಟು ಕಲಸುತ್ತಿದ್ದಂತೆ ತೋಟದ ಬದಿಯ ಬೇಲಿಯಲ್ಲಿ, ದಾಟುವ ಉಣಗೋಲಿನ ಹತ್ತಿರ ಯಾರೋ ಕೆಮ್ಮಿದರು.

"ಬಂದ್ರು," ಎಂದಳು ಕೃಷ್ಣಮ್ಮ ಕುಗ್ಗಿದ ದನಿಯಲ್ಲಿ. "ತಿಂಗಳಿಂದ ಇದೇ ಆಗಿದೆ ಮಾರಾಯ್ತಿ. ದಿನಾ ನಿಂತು ಕೇಳ್ತಾರೆ. ನಾನು ಎಂತ ಅನ್ನದು ಅವ್ರಿಗೆ? ನಾಚಿಕೆ ಆಗಿ ಸಾಯ್ತೀನಿ."

ಕಿಟಕಿಯಿಂದ ಧನ್ಯಾ ನೋಡಿದಳು. ಚಂದ್ರಶೇಖರಪ್ಪನವರು ಬಾಳೆಲೆಯ ಪೊಟ್ಟಣ ಹಿಡಿದು ಆಚೆ ನಿಂತಿದ್ದರು. ಉಣಗೋಲಿನ ಮೂರು ಬೊಂಬುಗಳಲ್ಲಿ ಮೇಲಿನದನ್ನು ಸರಿಸಿದರೆ ಯಾರಾದರೂ ದಾಟಬಹುದಿತ್ತು. ಅವರು ಅದಕ್ಕೆ ಕೈ ಹಚ್ಚಿರಲಿಲ್ಲ.

"ಕೃಷ್ಣಮ್ಮಾ, ಹೋಗಿ ಬರ್ಲಾ?"

ಕೃಷ್ಣಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಹೋದಳು. ಏನು ಹೇಳಿದಳೋ, ಜೇನಿನ ಸದ್ದಿಗೆ ಒಳಗೆ ಕೇಳಿಸಲಿಲ್ಲ. ಮೂರೂ ಬೊಂಬುಗಳನ್ನು ಒಂದೊಂದಾಗಿ ಎಳೆದು ಪಕ್ಕಕ್ಕಿಟ್ಟಳು. ಅವರು ತಲೆ ತುಸು ಬಾಗಿಸಿ ಒಳಗೆ ಬಂದು, ಬಿಳಿ ಗಿಡಗಳ ನಡುವೆ ನಡೆದು ಹೋದರು. ಬಯಲಿನಲ್ಲಿ ಮೇಯುತ್ತಿದ್ದ ಹಸುವೊಂದು ತೆರೆದ ಜಾಗ ಕಂಡು ಇತ್ತ ಹೆಜ್ಜೆ ಹಾಕತೊಡಗಿತ್ತು. ಕೃಷ್ಣಮ್ಮ ಬೊಂಬುಗಳನ್ನು ಮತ್ತೆ ಏರಿಸಲಿಲ್ಲ. ಹಿಟ್ಟಿನ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು, ಅವರು ತಿರುಗಿ ಬರುವತನಕ ತಾನೇ ಆ ಜಾಗಕ್ಕೆ ಅಡ್ಡ ನಿಂತುಕೊಂಡಳು.